ಮರಗಪ್ಪೆಯ ಪಾಠ

ನಮ್ಮ ಬಳ್ಳಾರಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು ೨೦ ಅಂಗುಲ ಮಾತ್ರವೇ. ಕಪ್ಪೆಯಾದರೋ ತೇವವಿಲ್ಲದೆ ಬದುಕಲಾರದು. ಹೀಗಿದ್ದರೂ ಕಡುಬೇಸಿಗೆಯಲ್ಲಿ ಬಚ್ಚಲುಗೋಡೆಯ ಮೇಲಾಗಲಿ ನೀರಿನ ಹರವಿಯ ಹಿಂದಾಗಲಿ ಕಂದುಬಣ್ಣದ ಒಂದು ಕಪ್ಪೆಯು ಅಂಟಿಕೊಂಡಿರುವದುಂಟು. ಇದೇ ಮರಗಪ್ಪೆಯು. ಇದು ಹೇಗೆ ಬದುಕುವದೆಂದು ವಿಚಾರಿಸೋಣ.

೧. ಇದರ ಪಾದಗಳು. ಪ್ರತಿಯೊಂದು ಬೆರಳಿನ ತುದಿಯಲ್ಲಿ ದುಂಡಗಿನ ಮೆತ್ತೆಯುಂಟು. ಅದರಲ್ಲಿ ಒಸರುವ ತೆಳುವಾದ ಲೋಳೆಯ ಬಲದಿಂದ ಅದು ನುಣುಪಾದ ಗೋಡೆಯನ್ನು ಹತ್ತುವದು. ಸುಣ್ಣ ಬಳಿದ ಗೋಡೆಗಳನ್ನು ಏರುವದರಿಂದ ಇಂಗ್ಲಿಷರು ಇದಕ್ಕೆ ಸುಣ್ಣದ ಕಪ್ಪೆಯೆಂದು ಹೆಸರಿಟ್ಟರು.

೨. ಇದರ ಚರ್ಮ. ಕಪ್ಪೆಯು ಬಾಯಿಂದ ನೀರು ಕುಡಿಯದೆ ಚರ್ಮದಿಂದಲೇ ಹೀರಿಕೊಳ್ಳುವದು. ನೀರು ಒಳಬರುವ ಬಾಗಿಲಿನಿಂದಲೇ ನೀರು ಹೊರಟುಹೋಗುವ ಭಯವೂ ಉಂಟಷ್ಟೆ. ಆದದರಿಂದ ಈ ಕಪ್ಪೆಯು ಚರ್ಮದಿಂದ ಒಸರುವ ಜಿಡ್ಡುಳ್ಳ ರಸವನ್ನು ನಾವು ಎಣ್ಣೆ ಹಚ್ಚಿಕೊಳ್ಳುವಂತೆ ಕೈಕಾಲುಗಳಿಂದ ಮೈಗೆಲ್ಲಾ ಸವರಿಕೊಂಡು, ತರುವಾಯ ಅವುಗಳನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡು ಹಗಲೆಲ್ಲಾ ಅಲುಗದೆ ಕೂತಿರುವದು. ಹೀಗೆ ಮೈಯ ನೀರು ಬೇಗನೆ ಆರುವದಿಲ್ಲ. ಇದನ್ನು ಪಂಡಿತರು ಪರೀಕ್ಷಿಸಿ ೧೯೯೭ರಲ್ಲಿ ಪ್ರಕಟಿಸಿದರು.

೩. ಇದರ ಗೂಡು. ಮಳೆ ಬಂದಾಗ ಹೆಣ್ಣುಕಪ್ಪೆಯು ತನ್ನ ಮೈಯಿಂದ ಬರುವ ರಸವನ್ನು ಹಿಂಗಾಲುಗಳಿಂದ ಮಜ್ಜಿಗೆಯಂತೆ ಕಡೆದು ನೊರೆಮಾಡಿ, ನೀರಿನ ಮೇಲಕ್ಕೆ ಬಾಗಿದ ಗಿಡದಲ್ಲಿಯೋ ತೊಟ್ಟಿಯ ಅಂಚಿನಲ್ಲಿಯೋ ಅದರೊಳಗೆ ಮೊಟ್ಟೆಗಳನ್ನಿಡುವದು. ನೊರೆಯ ಹೊರಭಾಗವು ಒಣಗಿದರೂ ಒಳಗೆ ತೇವವು ಉಳಿಯುವದು. ಕೆಲವು ದಿನಗಳಾದ ಮೇಲೆ ಮರಿಗಳು ಕೆಳಗಿನ ನೀರಿಗೆ ಬೀಳುವವು.

ಈಗ ನಮ್ಮ ವಿಷಯ. ಮಳೆ ತಡೆದಾಗ ನೆರೆಯವರು ಕಪ್ಪೆಗಳಿಗೆ ಮದುವೆ ಮಾಡುವದುಂಟು. ಮಳೆಯಿಂದ ಕಪ್ಪೆಯು ಕೂಗುವದೇ ಹೊರತು ಕಪ್ಪೆಯಿಂದ ಮಳೆ ಬಾರದು. ಆದರೂ ಅವರನ್ನು ನಗಬೇಡಿರಿ. ಒಣಗಿದ ಹೊಲದ ಸಂಕಟವು ಅವರಿಗೂ ನಮಗೂ ಒಂದೇ. ನಮ್ಮಲ್ಲಿಯೂ ಒಂದು ತಪ್ಪುಂಟು. ಐಗುಪ್ತದ ಮೇಲೆ ಕಪ್ಪೆಗಳು ಬಾಧೆಯಾಗಿ ಬಂದವೆಂದು ಓದಿ, ಇದನ್ನು ಶಾಪದ ಜಂತುವೆಂದು ಪೊರಕೆಯಿಂದ ಹೊಡೆಯುವವರಿದ್ದಾರೆ. ಅದು ಫರೋಹನ ಹಟಕ್ಕೆ ಬಂದ ದಂಡನೆಯೇ ಹೊರತು ಕಪ್ಪೆಯ ದೋಷವಲ್ಲ. ಹುಳಗಳನ್ನು ತಿನ್ನುವ ಈ ಪ್ರಾಣಿಯು ನಮಗೆ ಯಾವ ಕೇಡನ್ನು ಮಾಡಿತು? ಪೂಜಿಸುವದೂ ಬೇಡ, ಕೊಲ್ಲುವದೂ ಬೇಡ. ಇಷ್ಟು ಅಲ್ಪವಾದ ಜೀವಿಗೂ ಬರಗಾಲಕ್ಕೆ ಬೇಕಾದದ್ದನ್ನು ಒದಗಿಸಿದ ಕರ್ತನು ನಮ್ಮನ್ನು ಮರೆತಾನೇ?

ಪ್ರಶ್ನೆಗಳು: ೧. ಮರಗಪ್ಪೆಯು ಗೋಡೆಯನ್ನು ಹೇಗೆ ಹತ್ತುವದು? ೨. ಬೇಸಿಗೆಯಲ್ಲಿ ಮೈಯ ನೀರನ್ನು ಹೇಗೆ ಉಳಿಸಿಕೊಳ್ಳುವದು? ೩. ಈ ಸಾರಿ ನಿಮ್ಮ ಬಚ್ಚಲಲ್ಲಿ ಅದನ್ನು ಕಂಡರೆ ಏನು ಮಾಡುವಿರಿ?