ನಿರ್ವೀರ್ಯ ಗಂಡುಕೀಟಗಳು: ಕಾಯಿಕೊರಕಕ್ಕೆ ಈ ಉಪಾಯ ಏಕೆ ನಡೆಯದು?

ಕೀಟವನ್ನು ಕೀಟದಿಂದಲೇ ನಿರ್ಮೂಲ ಮಾಡುವ ಪದ್ಧತಿಯೊಂದು ಹೊರದೇಶಗಳಲ್ಲಿ ಇದೆಯಲ್ಲಾ, ಅದು ನಮ್ಮ ಬೆರಿ ಬೋರರಿಗೆ ಏಕೆ ಬರಲಿಲ್ಲ ಎಂದು ಬೆಳೆಗಾರ ಬಾಂಧವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಏಕೆಂದರೆ ಈ ಪದ್ಧತಿ ಕಾಫಿ ತೋಟಗಳಲ್ಲಿಯೇ ದೊಡ್ಡ ಪ್ರಮಾಣದಲ್ಲಿ ನಡೆದಿದೆ.

ಇದರ ಮೂಲ ವಿಚಾರ ಅಮೆರಿಕದ ಕೀಟತಜ್ಞ ಎಡ್ವರ್ಡ್ ನಿಪ್ಲಿಂಗ್ ಅವರದು. ಕೀಟಗಳನ್ನು ಲಕ್ಷಗಟ್ಟಲೆ ಸಾಕಿ, ಅವು ಕೋಶದಲ್ಲಿರುವಾಗ ವಿಕಿರಣಕ್ಕೆ ಒಡ್ಡುತ್ತಾರೆ. ಹೊರಬಂದ ಗಂಡುಗಳು ಹಾರುತ್ತವೆ, ಹೆಣ್ಣನ್ನು ಕೂಡುತ್ತವೆ. ಆದರೆ ಆ ಹೆಣ್ಣಿಟ್ಟ ಮೊಟ್ಟೆ ಮರಿಯಾಗುವುದಿಲ್ಲ. ಲೆಕ್ಕ ಹೀಗಿದೆ: 1,000 ಗಂಡು, 1,000 ಹೆಣ್ಣು ಇರುವಲ್ಲಿ 9,000 ನಿರ್ವೀರ್ಯ ಗಂಡುಗಳನ್ನು ಬಿಟ್ಟರೆ ಹತ್ತು ಕೂಟಗಳಲ್ಲಿ ಒಂದು ಮಾತ್ರ ಫಲಿಸುತ್ತದೆ. ಜೋಡಿಗೊಂದು ಜೋಡಿ ಉಳಿಯುವುದೆಂದು ಇಟ್ಟುಕೊಂಡರೂ ಮುಂದಿನ ಪೀಳಿಗೆಗೆ 100 ಹೆಣ್ಣು. ಮತ್ತೆ 9,000 ಬಿಟ್ಟಾಗ ಉಳಿಯುವುದು ಒಂದೋ ಎರಡೋ. ದನಕರುಗಳ ಗಾಯದಲ್ಲಿ ಹುಳುವಾಗುವ ಸ್ಕ್ರೂವರ್ಮ್ ನೊಣವನ್ನು 1954ರಲ್ಲಿ ಕ್ಯುರಾಸೊ ದ್ವೀಪದಿಂದ ಅಳಿಸಿದ್ದು ಹೀಗೆಯೇ.

ಕಾಫಿಯ ವಿಷಯಕ್ಕೆ ಬರೋಣ. ಮೆಡಿಟರೇನಿಯನ್ ಹಣ್ಣುನೊಣ ಕಾಫಿ ಹಣ್ಣಿನ ತಿರುಳಿನಲ್ಲಿ ಮೊಟ್ಟೆಯಿಡುತ್ತದೆ. ಬೀಜಕ್ಕೆ ಅದರಿಂದ ಹೆಚ್ಚು ನಷ್ಟವಿಲ್ಲ. ಆದರೆ ಕಾಫಿ ತೋಟದಲ್ಲಿ ಹೆಚ್ಚಿದ ನೊಣ ಕಿತ್ತಳೆ, ಮಾವುಗಳಿಗೆ ಮುತ್ತುತ್ತದೆ. ಗ್ವಾಟೆಮಾಲದಿಂದ ಅದು 1977ರಲ್ಲಿ ಮೆಕ್ಸಿಕೋ ದೇಶದ ಚಿಯಾಪಾಸ್ ಪ್ರಾಂತಕ್ಕೆ ನುಗ್ಗಿತು. 1979ರಲ್ಲಿ ಅಲ್ಲಿಯ ಮೆಟಾಪಾದಲ್ಲಿ ನಿರ್ವೀರ್ಯ ನೊಣದ ಕಾರ್ಖಾನೆ ಆರಂಭವಾಯಿತು. ವಿಮಾನದಿಂದ ನೊಣಗಳನ್ನು ಸುರಿದು 1982ರ ಹೊತ್ತಿಗೆ ಮೆಕ್ಸಿಕೋವನ್ನು ಮುಕ್ತಗೊಳಿಸಿದರು. ಮೊಟ್ಟೆಗಳನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಹೆಣ್ಣಾಗುವವು ಮಾತ್ರ ಸಾಯುವಂಥ ತಳಿಯನ್ನೂ ಆಮೇಲೆ ಸಿದ್ಧಪಡಿಸಿದರು. ಗಂಡುಗಳನ್ನಷ್ಟೇ ಬಿಡಲು ಇದು ಬಹಳ ಜಾಣ ಉಪಾಯವೆಂದೇ ನಮ್ಮ ಅಭಿಪ್ರಾಯ.

ಹೀಗಿರುವಾಗ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹಬ್ಬಿದ ಕಾಯಿಕೊರಕಕ್ಕೆ ಇದು ಏಕಾಗದು? ಅದರ ಮದುವೆ ಮನೆಯೊಳಗೇ ಮುಗಿಯುತ್ತದೆ. ತಾಯಿ ದುಂಬಿ ಕಾಯಿಯೊಳಗೆ ಮೊಟ್ಟೆಯಿಡುತ್ತದೆ. ಹುಟ್ಟುವವುಗಳಲ್ಲಿ ಹೆಣ್ಣೇ ಬಹುಪಾಲು. ಗಂಡು ಗಾತ್ರದಲ್ಲಿ ಸಣ್ಣದು, ಹಾರಲಾರದು. ಅದೇ ಕಾಯಿಯಲ್ಲಿ ಒಡಹುಟ್ಟಿದವುಗಳನ್ನು ಕೂಡಿ ಅಲ್ಲಿಯೇ ಸಾಯುತ್ತದೆ. ಹೊರಗೆ ಹಾರುವ ಹೆಣ್ಣು ಆಗಲೇ ಬಸುರಿ. ತೋಟದ ತುಂಬ ನಿರ್ವೀರ್ಯ ಗಂಡುಗಳನ್ನು ಬಿಟ್ಟರೂ ಅವಕ್ಕೆ ಹೆಣ್ಣು ಸಿಗುವುದಿಲ್ಲ.

ಬಿಳಿ ಕಾಂಡಕೊರಕದ ದುಂಬಿ ಹೊರಗೆ ಕೂಡುತ್ತದೆ, ನಿಜ. ಆದರೆ ಅದರ ಮರಿಹುಳು ಕಾಂಡದೊಳಗೆ ಒಂಬತ್ತು ಹತ್ತು ತಿಂಗಳು ಬೆಳೆಯುತ್ತದೆ. ವಾರಗಳಲ್ಲಿ ಪೀಳಿಗೆ ಮುಗಿಸುವ ನೊಣದಂತೆ ಅದನ್ನು ಸಾಕುವುದು ಸುಲಭವಲ್ಲ.

ಆದುದರಿಂದ ಈ ಉಪಾಯವನ್ನು ಕಾಯುತ್ತ ಕೊಯ್ಲಿನ ಬಳಿಕದ ಕೆಲಸವನ್ನು ಬಿಡುವುದು ಬೇಡ. ಗಿಡದಲ್ಲಿ ಉಳಿದ ಮತ್ತು ನೆಲಕ್ಕುದುರಿದ ಹಣ್ಣಿನಲ್ಲಿಯೇ ಕಾಯಿಕೊರಕ ಮುಂದಿನ ಫಸಲಿನವರೆಗೆ ಜೀವ ಹಿಡಿದಿರುತ್ತದೆ. ಕೊಯ್ಯುವಾಗ ಗಿಡದಡಿ ಚಾಪೆಯನ್ನೋ ತಾಟನ್ನೋ ಹಾಸಿ, ಉಳಿದುದನ್ನು ಒಂದೂ ಬಿಡದೆ ಆರಿಸಬೇಕು. ಕೂಲಿ ದುಬಾರಿಯೆಂದು ಒಬ್ಬರು ಬಿಟ್ಟರೆ ಬೇಲಿಯಾಚೆಯವರ ದುಡಿಮೆಯೂ ಹಾಳು. ಆರಿಸಿದ ಕೊರೆದ ಹಣ್ಣನ್ನು ಕುದಿಯುವ ನೀರಿನಲ್ಲಿ 2-3 ನಿಮಿಷ ಅದ್ದಿ ತೆಗೆದು, ಅನಂತರ ಕಣಕ್ಕೆ ಹಾಕಬೇಕು.