ಭೂಭ್ರಮಣವೂ ಗಳಿಗೆಯ ಲೆಕ್ಕವೂ

ಮಿನಿಟು ಎಂದರೇನು ಎಂದು ಕೇಳಿದರೆ ಗಂಟೆಯ ಅರವತ್ತನೆಯ ಭಾಗವೆಂದು ವಿದ್ಯಾರ್ಥಿಗಳು ಒಡನೆಯೇ ಉತ್ತರಿಸುತ್ತಾರೆ. ಕೋನವನ್ನಳೆಯುವ ಅಂಶದ ಅರವತ್ತನೆಯ ಭಾಗಕ್ಕೂ ಅದೇ ಹೆಸರುಂಟು. ಹೆಸರೊಂದೇ ಆದುದರಿಂದ ಪ್ರಮಾಣವೂ ಒಂದೇ ಎಂದು ತಿಳಿದು ಭೂಗೋಳದ ಲೆಕ್ಕದಲ್ಲಿ ಎಡವುತ್ತಾರೆ.

ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ಈ ತೊಡಕಿಲ್ಲ. ಕೋನಕ್ಕೆ ಅಂಶ, ಕಲೆ, ವಿಕಲೆ. ಕಾಲಕ್ಕೆ ಗಳಿಗೆ, ವಿಗಳಿಗೆ, ಪ್ರಾಣ. ದಿನಕ್ಕೆ 60 ಗಳಿಗೆ. ಗಳಿಗೆಗೆ 60 ವಿಗಳಿಗೆ. ವಿಗಳಿಗೆಗೆ 6 ಪ್ರಾಣ. ಅಂತು ದಿನಕ್ಕೆ 21,600 ಪ್ರಾಣಗಳು. ವೃತ್ತಕ್ಕೆ 360 ಅಂಶ, ಅಂಶಕ್ಕೆ 60 ಕಲೆ. ಅಲ್ಲಿಯೂ 21,600 ಕಲೆಗಳು! ಕ್ರಿ.ಶ. 499ರಲ್ಲಿ ಇಪ್ಪತ್ತಮೂರು ವರ್ಷದವನಾಗಿದ್ದ ಆರ್ಯಭಟನು ಭೂಮಿಯು ಒಂದು ಪ್ರಾಣದಲ್ಲಿ ಒಂದು ಕಲೆಯಷ್ಟು ತಿರುಗುವುದೆಂದು ಸಾರಿದನು. ಪ್ರಾಣವೆಂದರೆ ಸ್ವಸ್ಥನಾದ ಮನುಷ್ಯನ ಒಂದು ಉಸಿರಾಟದ ಕಾಲ. ಇಂದಿನ ಎಣಿಕೆಯಲ್ಲಿ ಸುಮಾರು 4 ಸೆಕೆಂಡು. ಆದುದರಿಂದ ಒಂದಂಶಕ್ಕೆ 4 ಮಿನಿಟು, ಗಳಿಗೆಗೆ 6 ಅಂಶ, ಗಂಟೆಗೆ 15 ಅಂಶ.

ಇಲ್ಲೊಂದು ಸೂಕ್ಷ್ಮವುಂಟು. ನಕ್ಷತ್ರಗಳನ್ನು ಕುರಿತು ಭೂಮಿಯು ಒಂದು ಸುತ್ತು ತಿರುಗಲು ಸುಮಾರು 23 ಗಂಟೆ 56 ಮಿನಿಟು 4 ಸೆಕೆಂಡು ಸಾಕು. ಅಷ್ಟರೊಳಗೆ ಭೂಮಿಯು ಸೂರ್ಯನ ಸುತ್ತಲೂ ಸುಮಾರು ಒಂದಂಶ ಸರಿದಿರುವುದರಿಂದ, ಸೂರ್ಯನನ್ನು ಮತ್ತೆ ನೆತ್ತಿಯ ರೇಖೆಗೆ ತರಲು ಇನ್ನೂ ನಾಲ್ಕು ಮಿನಿಟು ಬೇಕಾಗುತ್ತದೆ.

ಈ ಲೆಕ್ಕವನ್ನು ನಮ್ಮ ಊರಿಗೆ ಅನ್ವಯಿಸೋಣ. ಭಾರತದ ಗಡಿಯಾರವು ನಡೆಯುವುದು 82 ಅಂಶ 30 ಕಲೆಯ ರೇಖಾಂಶದಂತೆ. ಗೋಕಾಕವಿರುವುದು ಸುಮಾರು 74 ಅಂಶ 50 ಕಲೆಯಲ್ಲಿ. ಅಂತರ 460 ಕಲೆ. ಅಂದರೆ 460 ಪ್ರಾಣ, ಎಂದರೆ 30 ಮಿನಿಟು 40 ಸೆಕೆಂಡು. ಗಡಿಯಾರದಲ್ಲಿ ಹನ್ನೆರಡು ಬಾರಿಸಿದಾಗ ನಮಗೆ ಸರಾಸರಿಯಾಗಿ ಇನ್ನೂ ಒಂದು ಗಳಿಗೆಗಿಂತ ಹೆಚ್ಚು ಕಾಲ ಕಳೆದಲ್ಲದೆ ನಡುಹಗಲಾಗದು. ಮೂಡಲಗಿಯಲ್ಲಿ ನಡುಹಗಲಾದ ಸುಮಾರು ಒಂದೂವರೆ ಮಿನಿಟಿನ ಮೇಲೆ ಹುಕ್ಕೇರಿಯಲ್ಲಿ ನಡುಹಗಲು. ಬೆಂಗಳೂರಿಗೂ ಗೋಕಾಕಕ್ಕೂ ಈ ಅಂತರ 11 ಮಿನಿಟು. ಬೆಂಗಳೂರಿಗೆ ಗಣಿಸಿದ ಪಂಚಾಂಗದ ವೇಳೆಯನ್ನು ಇಲ್ಲಿ ಹಾಗೆಯೇ ಹಿಡಿಯುವವರು ಇದನ್ನು ಮರೆಯಬಾರದು.

ವಿದ್ಯಾರ್ಥಿಗಳೇ, ನನ್ನ ಮಾತನ್ನೇ ನಂಬಬೇಕಾಗಿಲ್ಲ. ಡಿಸೆಂಬರ್ 25ರ ಸುಮಾರಿಗೆ ಅಂಗಳದಲ್ಲಿ ನೆಟ್ಟನೆಯ ಕೋಲೊಂದನ್ನು ನೆಟ್ಟು ನೆರಳನ್ನು ಗುರುತಿಸಿರಿ. ಅದು ಅತ್ಯಂತ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಹತ್ತಿರ. ಬೇರೆ ತಿಂಗಳುಗಳಲ್ಲಿ ಸೂರ್ಯನ ಗತಿಭೇದದಿಂದ ಈ ವೇಳೆಯು ಕಾಲು ಗಂಟೆಯವರೆಗೆ ಹಿಂದುಮುಂದಾಗಬಹುದು, ಅದನ್ನೂ ಬರೆದಿಡಿರಿ. ಕಂಠಪಾಠದಿಂದ ಬಂದ ಲೆಕ್ಕ ಪರೀಕ್ಷೆಯವರೆಗೆ. ಕಣ್ಣಾರೆ ಕಂಡ ಲೆಕ್ಕ ಬಾಳಿನವರೆಗೆ.