ಎರಡು ಕ್ಯಾಮೆರಾ, ಒಂದೇ ನೋಟ

ಜೋಡೆತ್ತುಗಳಲ್ಲಿ ಒಂದು ಎತ್ತರ, ಇನ್ನೊಂದು ಗಿಡ್ಡವಾದರೆ ನೊಗ ವಾಲುತ್ತದೆ. ಎರಡು ಕ್ಯಾಮೆರಾಗಳಿಂದ ಘನಚಿತ್ರ ತೆಗೆಯುವವರಿಗೂ ಈ ಮಾತು ಸಲ್ಲುತ್ತದೆ.

ನಮ್ಮ ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರ್ ಅಂತರವಿದೆ. ಒಂದೊಂದು ಕಣ್ಣು ವಸ್ತುವನ್ನು ಒಂದೊಂದು ಪಕ್ಕದಿಂದ ಕಾಣುತ್ತದೆ. ಆ ಅಡ್ಡ ವ್ಯತ್ಯಾಸದಿಂದ ಮಿದುಳು ಆಳವನ್ನು ಅರಿಯುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ಜೋಡಿಚಿತ್ರಗಳಿಂದ ತೋರಿಸಿಕೊಟ್ಟನು.

2023ರ ಆಗಸ್ಟಿನಲ್ಲಿ ಚಂದ್ರನ ಮೇಲಿಳಿದ ಪ್ರಜ್ಞಾನ್ ಬಂಡಿಗೂ ಇಂತಹ ಎರಡು ಕಣ್ಣುಗಳಿದ್ದವು. ಅವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಪ್ರಯೋಗಾಲಯ. ಪೀಣ್ಯವೂ ನಮ್ಮ ಸಾತಪುರದಂತೆ ಕಾರ್ಖಾನೆಗಳ ವಸಾಹತು. ಎಡದ ಚಿತ್ರವನ್ನು ಕೆಂಪಿನಲ್ಲಿ, ಬಲದ್ದನ್ನು ನೀಲಿ ಹಸುರುಗಳಲ್ಲಿ ಕೂಡಿಸಿದ ವಿಕ್ರಮ್ ನೌಕೆಯ ಘನಚಿತ್ರವನ್ನು ಇಸ್ರೋ ಅದೇ ಸೆಪ್ಟೆಂಬರ್ 5ರಂದು ಪ್ರಕಟಿಸಿತು.

ಲೆನ್ಸುಗಳು ಏಕೆ ಹೊಂದಬೇಕು? ಎರಡರ ಮೇಲೂ 50 ಮಿ.ಮೀ. ಎಂದು ಕೆತ್ತಿರಬಹುದು, ನಿಜವಾಗಿ ಒಂದು 50, ಇನ್ನೊಂದು 51 ಇದ್ದೀತು. ಆಗ ಒಂದು ಚಿತ್ರ ನೂರಕ್ಕೆ ಎರಡರಷ್ಟು ದೊಡ್ಡದಾಗುತ್ತದೆ. ನಡುವಿನಿಂದ 10 ಮಿ.ಮೀ. ಮೇಲಿರಬೇಕಾದ ಬಿಂದು 10.2ರಲ್ಲಿ ಬೀಳುತ್ತದೆ. ಹತ್ತು ಪಟ್ಟು ಹಿಗ್ಗಿಸಿದರೆ ಅದೇ 2 ಮಿ.ಮೀ. ಒಂದು ಕಣ್ಣು ಮೇಲೆ, ಒಂದು ಕೆಳಗೆ ನೋಡಲು ನಮಗೆ ಬಾರದು. ಕಣ್ಣು ಸೋಲುತ್ತದೆ, ತಲೆ ನೋಯುತ್ತದೆ. ಹಗಲೆಲ್ಲ ಯಂತ್ರವನ್ನೋ ಲೆಕ್ಕದ ಪುಸ್ತಕವನ್ನೋ ನೋಡುವ ಕಣ್ಣಿಗೆ ಈ ದಂಡ ಬೇಡ.

ಪರೀಕ್ಷೆ ಸುಲಭ. ಸ್ಟ್ಯಾಂಡನ್ನು ಕದಲಿಸದೆ ಒಂದಾದ ಮೇಲೊಂದು ಕ್ಯಾಮೆರಾ ಇಟ್ಟು ಅದೇ ಇಟ್ಟಿಗೆ ಗೋಡೆಯ ಚಿತ್ರ ತೆಗೆಯಿರಿ. ಫೋಕಸ್ ದೂರವೂ ಅಪರ್ಚರೂ ಎರಡರಲ್ಲಿ ಒಂದೇ ಇರಲಿ. ಜೂಮ್ ಇದ್ದರೆ ಎರಡನ್ನೂ ಒಂದೇ ತುದಿಗೆ ತಿರುಗಿಸಿರಿ. ಬಳಿಕ ಒಂದರ ಮೇಲೊಂದಿಟ್ಟು ನೋಡಿರಿ. ನಡುವೆ ಕೂಡಿ, ನಾಲ್ಕೂ ಅಂಚಿಗೆ ಹೋದಂತೆ ಅಗಲಿದರೆ ಲೆನ್ಸುಗಳ ಅಳತೆ ಬೇರೆ. ಎಲ್ಲೆಡೆ ಒಂದೇ ಸಮ ಸರಿದಿದ್ದರೆ ದೋಷ ಲೆನ್ಸಿನದಲ್ಲ, ಕ್ಯಾಮೆರಾ ಕೂರಿಸಿದ್ದರದು. ಚೀಟಿಯ ಅಳತೆಯನ್ನು ನಂಬದೆ ಗೇಜ್ ಹಿಡಿದು ನೋಡುವ ಕಾರ್ಖಾನೆಯ ಗೆಳೆಯರಿಗೆ ಇದು ಹೊಸ ಪಾಠವಲ್ಲ.

ವ್ಯತ್ಯಾಸ ಕಂಡಿತೆಂದು ಕೂಡಲೇ ಬೇರೆ ಲೆನ್ಸ್ ಕೊಳ್ಳಬೇಡಿ. ಒಂದು ಚಿತ್ರದಲ್ಲಿ ಗೋಡೆಯ ಎರಡು ಗುರುತುಗಳ ನಡುವೆ 100 ಮಿ.ಮೀ., ಇನ್ನೊಂದರಲ್ಲಿ 102 ಬಂದರೆ, ದೊಡ್ಡದನ್ನು ನೂರಕ್ಕೆ 98ರಷ್ಟಕ್ಕೆ ಕುಗ್ಗಿಸಿದರೆ ಸಾಕು. ಆದರೆ ಒಂದು ಲೆನ್ಸ್ ನೇರಗೆರೆಯನ್ನು ಬಾಗಿಸುತ್ತಿದ್ದರೆ ಕುಗ್ಗಿಸುವುದರಿಂದ ಅದು ಸರಿಹೋಗದು; ಅಂತಹ ಜೋಡಿಯನ್ನು ಬಿಡುವುದೇ ಲೇಸು.

ಪಾಂಡವಲೇಣಿಯ ಕಂಬಗಳು ಅಲುಗುವುದಿಲ್ಲ. ಅಲ್ಲಿ ಒಂದೇ ಕ್ಯಾಮೆರಾವನ್ನು 65 ಮಿ.ಮೀ. ಪಕ್ಕಕ್ಕೆ ಸರಿಸಿ ಎರಡು ಸಲ ಒತ್ತಿದರಾಯಿತು. ನಗುವ ಮಗು ಮಾತ್ರ ಎರಡನೆಯ ಸಲಕ್ಕೆ ಕಾಯುವುದಿಲ್ಲ. ಊರಿನಲ್ಲಿರುವ ಅಜ್ಜಿಗೆ ಮೊಮ್ಮಗುವನ್ನು ಎದುರಿಗೆ ಕೂತಂತೆ ತೋರಿಸಬೇಕಾದರೆ ಹೊಂದಿದ ಜೋಡಿ ಬೇಕು. ಎರಡೂ ಒಂದೇ ಕ್ಷಣದಲ್ಲಿ ಕಣ್ಣು ಮಿಟುಕಿಸಬೇಕು. ಆದುದರಿಂದ ಮೊದಲು ಗೋಡೆ, ಆಮೇಲೆ ಮಗು.